ವಿಂಡೋಸ್ ರಿಜಿಸ್ಟ್ರಿಯ ವಿಕೃತಿ ಮತ್ತು ಅದರ ಪುನರುದ್ಧಾರ : ಒಂದು ವಿವೇಚನೆ

ಹಸ್ತಪ್ರತಿಗಳ ಛಾಯಾಚಿತ್ರಗಳು, ಪಾಠಾಂತರಗಳ ಪಟ್ಟಿಗಳು, ಗ್ರಂಥಸೂಚಿಗಳು, ಸಂಪಾದನೆಯ ಕರಡುಗಳು ಇವೆಲ್ಲವೂ ಇಂದು ಗಣಕಯಂತ್ರದಲ್ಲಿ ಸಂಗ್ರಹವಾಗುತ್ತಿವೆ. ಹಲವು ವರ್ಷಗಳ ಶ್ರಮದ ಫಲವು ಒಂದೇ ಡಿಸ್ಕಿನಲ್ಲಿ ಅಡಗಿರುವುದು ಈಗ ವಿರಳವಲ್ಲ. ಅಂಥ ಯಂತ್ರವು ಒಂದು ದಿನ ಆರಂಭವಾಗದೆ, ರಿಜಿಸ್ಟ್ರಿಯ ಕಡತವೊಂದು ಕಾಣೆಯಾಗಿದೆ ಅಥವಾ ಕೆಟ್ಟಿದೆ ಎಂಬ ಸೂಚನೆಯನ್ನು ತೆರೆಯ ಮೇಲೆ ತೋರಿಸಿ ನಿಂತರೆ, ಅದರ ಒಡೆಯರು ತಮ್ಮ ಬರಹವೆಲ್ಲ ನಾಶವಾಯಿತೆಂದೇ ಭಾವಿಸುತ್ತಾರೆ. ದುರಸ್ತಿಗೆ ಬಂದವರು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿಕೊಟ್ಟರೆ ಆ ಭಾವನೆಯು ನಿಜವೇ ಆಗಿಬಿಡುತ್ತದೆ. ಆದರೆ ಆ ಕ್ಷಣದವರೆಗೆ ಕೆಟ್ಟಿದ್ದುದು ಬರಹವಲ್ಲ. ಯಂತ್ರವು ತನ್ನನ್ನು ತಾನು ಅರಿಯಲು ಇಟ್ಟುಕೊಂಡಿದ್ದ ದಾಖಲೆ ಮಾತ್ರ.

ಈ ಭೇದವನ್ನು ಅರಿಯದಿರುವುದರಿಂದಲೇ ಉಳಿಸಬಹುದಾಗಿದ್ದ ಸಾಮಗ್ರಿ ಕಳೆದುಹೋಗುತ್ತದೆ. ಆದುದರಿಂದ ರಿಜಿಸ್ಟ್ರಿಯ ಸ್ವರೂಪವೇನು, ಅದು ಹೇಗೆ ಕೆಡುತ್ತದೆ, ಕೆಟ್ಟಾಗ ಯಾವ ಕ್ರಮದಿಂದ ಯಂತ್ರವನ್ನು ಉದ್ಧರಿಸಬಹುದು ಎಂಬ ವಿಷಯಗಳನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

೧. ರಿಜಿಸ್ಟ್ರಿಯ ಸ್ವರೂಪ

ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು ಕೆಲಸಮಾಡಬೇಕಾದರೆ ಸಾವಿರಾರು ಸಂಗತಿಗಳನ್ನು ನೆನಪಿಡಬೇಕಾಗುತ್ತದೆ. ಯಂತ್ರಕ್ಕೆ ಯಾವ ಯಾವ ಉಪಕರಣಗಳು ಜೋಡಿಸಲ್ಪಟ್ಟಿವೆ, ಅವುಗಳನ್ನು ನಡೆಸುವ ತಂತ್ರಾಂಶ ಎಲ್ಲಿದೆ, ಯಾವ ಸೇವೆಗಳು ಯಾವ ಕ್ರಮದಲ್ಲಿ ಆರಂಭವಾಗಬೇಕು, ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು, ಯಾವ ಅಕ್ಷರವಿನ್ಯಾಸಗಳು ಲಭ್ಯವಿವೆ, ಬಳಕೆದಾರರು ಯಾರು ಯಾರು ಎಂಬಿವು ಅವುಗಳಲ್ಲಿ ಮುಖ್ಯವಾದುವು. ಇವೆಲ್ಲವನ್ನೂ ಒಂದೆಡೆ ಕ್ರಮಬದ್ಧವಾಗಿ ಬರೆದಿರಿಸಿದ ದಾಖಲೆಗೆ ರಿಜಿಸ್ಟ್ರಿ ಎಂದು ಹೆಸರು.

ಇದರ ವಿನ್ಯಾಸವು ಮರದಂತೆ ಕವಲೊಡೆಯುವಂಥದು. ಪ್ರತಿಯೊಂದು ಕವಲನ್ನು 'ಕೀ' ಎಂದೂ, ಅದರಲ್ಲಿ ಬರೆದಿರುವ ಪ್ರತಿಯೊಂದು ಅಂಶವನ್ನು 'ವ್ಯಾಲ್ಯೂ' ಎಂದೂ ಕರೆಯುತ್ತಾರೆ. ನೋಡುವವರಿಗೆ ಐದು ಮೂಲಕಾಂಡಗಳು ಕಂಡರೂ ಅವುಗಳಲ್ಲಿ ನಿಜವಾದುವು ಎರಡು : ಯಂತ್ರಕ್ಕೆ ಸಂಬಂಧಿಸಿದ 'ಲೋಕಲ್ ಮಷೀನ್' ಮತ್ತು ಬಳಕೆದಾರರಿಗೆ ಸಂಬಂಧಿಸಿದ 'ಯೂಸರ್ಸ್'. ಉಳಿದ ಮೂರು ಈ ಎರಡರ ಭಾಗಗಳನ್ನೇ ಅನುಕೂಲಕ್ಕಾಗಿ ಬೇರೆ ಹೆಸರಿನಿಂದ ತೋರಿಸುವ ನೋಟಗಳು.

ಡಿಸ್ಕಿನ ಮೇಲೆ ರಿಜಿಸ್ಟ್ರಿಯು ಒಂದೇ ಕಡತವಾಗಿಲ್ಲ. ಅದು ಹಲವು ಕಡತಗಳಲ್ಲಿ ಹಂಚಿಕೊಂಡಿದೆ. ಇಂಥ ಒಂದೊಂದು ಕಡತಕ್ಕೂ 'ಹೈವ್', ಎಂದರೆ ಜೇನುಗೂಡು, ಎಂಬ ಹೆಸರಿದೆ. ಯಂತ್ರಕ್ಕೆ ಸಂಬಂಧಿಸಿದ ಪ್ರಧಾನ ಹೈವ್‌ಗಳು ಐದು : ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ ಮತ್ತು ಡಿಫಾಲ್ಟ್. ಇವು ವಿಂಡೋಸ್ ಫೋಲ್ಡರಿನ ಒಳಗಿರುವ 'ಸಿಸ್ಟಮ್ ೩೨' ಎಂಬುದರಲ್ಲಿ, 'ಕಾನ್ಫಿಗ್' ಎಂಬ ಫೋಲ್ಡರಿನಲ್ಲಿ ಇರುತ್ತವೆ. ಸಿಸ್ಟಮ್ ಹೈವಿನಲ್ಲಿ ಉಪಕರಣಗಳ ಚಾಲಕ ತಂತ್ರಾಂಶಗಳ ಮತ್ತು ಸೇವೆಗಳ ವಿವರವೂ, ಸಾಫ್ಟ್‌ವೇರ್ ಹೈವಿನಲ್ಲಿ ವಿಂಡೋಸಿನ ಹಾಗೂ ಸ್ಥಾಪಿತ ತಂತ್ರಾಂಶಗಳ ವಿವರವೂ, ಸ್ಯಾಮ್‌ನಲ್ಲಿ ಸ್ಥಳೀಯ ಬಳಕೆದಾರರ ಖಾತೆಗಳೂ, ಸೆಕ್ಯುರಿಟಿಯಲ್ಲಿ ಭದ್ರತೆಯ ನಿಯಮಗಳೂ ಇವೆ. ಇವಲ್ಲದೆ ಪ್ರತಿಯೊಬ್ಬ ಬಳಕೆದಾರರ ಫೋಲ್ಡರಿನಲ್ಲಿಯೂ 'ಎನ್‌ಟಿಯೂಸರ್' ಎಂಬ ಪ್ರತ್ಯೇಕ ಹೈವ್ ಇರುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಬಳಕೆದಾರರು ಬರೆದ ಲೇಖನವಾಗಲಿ, ತೆಗೆದಿರಿಸಿದ ಛಾಯಾಚಿತ್ರವಾಗಲಿ ಈ ಯಾವ ಹೈವಿನಲ್ಲಿಯೂ ಇರುವುದಿಲ್ಲ. ಅವು ಡಿಸ್ಕಿನ ಬೇರೆ ಸ್ಥಾನದಲ್ಲಿ ಸ್ವತಂತ್ರ ಕಡತಗಳಾಗಿ ಇರುತ್ತವೆ. ಭಂಡಾರದ ಸೂಚಿಯು ಹುಳು ಹಿಡಿದು ಹಾಳಾದರೆ ಯಾವ ಕಟ್ಟು ಎಲ್ಲಿದೆ ಎಂದು ತಿಳಿಯುವುದು ಕಷ್ಟವಾಗಬಹುದು. ಅಷ್ಟರಿಂದಲೇ ಕಟ್ಟುಗಳು ಹಾಳಾದವೆಂದು ಯಾರೂ ಹೇಳುವುದಿಲ್ಲ. ರಿಜಿಸ್ಟ್ರಿಯ ವಿಷಯವೂ ಹೀಗೆಯೇ.

೨. ಐತಿಹಾಸಿಕ ಹಿನ್ನೆಲೆ

ಆರಂಭದಲ್ಲಿ ವಿಂಡೋಸಿನ ವಿವರಗಳು 'ಇನಿ' ಎಂಬ ಅಂತ್ಯಾಕ್ಷರಗಳುಳ್ಳ ಸರಳ ಪಠ್ಯಕಡತಗಳಲ್ಲಿ ಇದ್ದವು. ಅವುಗಳನ್ನು ಯಾರು ಬೇಕಾದರೂ ತೆರೆದು ಓದಬಹುದಾಗಿತ್ತು, ತಿದ್ದಬಹುದಾಗಿತ್ತು. ೧೯೯೨ರಲ್ಲಿ ಹೊರಬಂದ ವಿಂಡೋಸ್ ೩.೧ರಲ್ಲಿ ರಿಜಿಸ್ಟ್ರಿಯು ಮೊದಲಿಗೆ ಕಾಣಿಸಿಕೊಂಡರೂ ಅದರ ವ್ಯಾಪ್ತಿ ಅತ್ಯಲ್ಪವಾಗಿತ್ತು. ೧೯೯೩ರ ವಿಂಡೋಸ್ ಎನ್‌ಟಿ ಮತ್ತು ೧೯೯೫ರ ವಿಂಡೋಸ್ ೯೫ ಇವುಗಳಲ್ಲಿ ಅದು ಸಮಗ್ರ ವ್ಯವಸ್ಥೆಯ ಕೇಂದ್ರಸ್ಥಾನವನ್ನು ಪಡೆಯಿತು.

ಚದುರಿದ್ದ ವಿವರಗಳು ಒಂದೆಡೆ ಸೇರಿದುದರಿಂದ ವ್ಯವಸ್ಥೆಗೆ ವೇಗವೂ ಶಿಸ್ತೂ ಬಂದವು. ಆದರೆ ಅದರೊಡನೆಯೇ ಒಂದು ಅಪಾಯವೂ ಬಂದಿತು. ಹಿಂದೆ ಒಂದು ಕಡತ ಕೆಟ್ಟರೆ ಅದಕ್ಕೆ ಸಂಬಂಧಿಸಿದ ತಂತ್ರಾಂಶ ಮಾತ್ರ ನಿಲ್ಲುತ್ತಿತ್ತು. ಈಗ ಒಂದು ಹೈವ್ ಕೆಟ್ಟರೆ ಯಂತ್ರವೇ ನಿಲ್ಲುವಂತಾಯಿತು.

ಈ ಅಪಾಯವನ್ನು ಇದರ ನಿರ್ಮಾಪಕರು ಮೊದಲಿನಿಂದಲೂ ಅರಿತಿದ್ದರು. ವಿಂಡೋಸ್ ೯೫ರಲ್ಲಿ ರಿಜಿಸ್ಟ್ರಿಯ ಎರಡು ಕಡತಗಳಿಗೂ ಒಂದೊಂದು ಹಿಂದಿನ ಪ್ರತಿಯನ್ನು ಕಾದಿರಿಸುವ ಏರ್ಪಾಡಿತ್ತು. ೧೯೯೮ರ ವಿಂಡೋಸ್ ೯೮ ಯಂತ್ರವು ದಿನಕ್ಕೊಮ್ಮೆ ರಿಜಿಸ್ಟ್ರಿಯ ಪ್ರತಿಯನ್ನು ತೆಗೆದು, ಇತ್ತೀಚಿನ ಐದು ಪ್ರತಿಗಳನ್ನು ಉಳಿಸಿಕೊಳ್ಳುತ್ತಿತ್ತು. 'ಸ್ಕ್ಯಾನ್‌ರೆಜ್' ಎಂಬ ಸಾಧನದಿಂದ ಅವುಗಳಲ್ಲಿ ಒಂದನ್ನು ಮತ್ತೆ ನೆಲೆಗೊಳಿಸಬಹುದಾಗಿತ್ತು. ರಿಜಿಸ್ಟ್ರಿಯ ಉದ್ಧಾರವೆಂದರೆ ಪ್ರಾಯಶಃ ಹಳೆಯ ಶುದ್ಧ ಪ್ರತಿಯೊಂದನ್ನು ತಂದು ಕೆಟ್ಟ ಪ್ರತಿಯ ಸ್ಥಾನದಲ್ಲಿ ಇರಿಸುವುದೇ ಎಂಬ ತತ್ತ್ವವು ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

೩. ಹೈವಿನ ಒಳರಚನೆ

ಹೈವಿನ ಮೊದಲ ೪೦೯೬ ಬೈಟುಗಳನ್ನು ಅದರ ಪೀಠಿಕೆಯೆಂದು ಹೇಳಬಹುದು. ಅದರ ಆದಿಯಲ್ಲಿ ಇದು ರಿಜಿಸ್ಟ್ರಿಯ ಕಡತವೇ ಹೌದೆಂದು ಸೂಚಿಸುವ ನಾಲ್ಕು ಅಕ್ಷರಗಳ ಮುದ್ರೆಯಿದೆ. ಅದರ ಬೆನ್ನಿಗೆ ಎರಡು ಕ್ರಮಸಂಖ್ಯೆಗಳಿವೆ. ಪೀಠಿಕೆಯ ಮೊದಲ ೫೦೮ ಬೈಟುಗಳಿಂದ ಗಣಿಸಿದ ಒಂದು ತಾಳೆಸಂಖ್ಯೆಯೂ ಅಲ್ಲಿಯೇ ಇದೆ. ಪೀಠಿಕೆಯ ಅನಂತರ ೪೦೯೬ ಬೈಟುಗಳ ಗುಣಕಗಳಲ್ಲಿ ಜೋಡಿಸಿದ ಖಂಡಗಳು ಬರುತ್ತವೆ. ಈ ಖಂಡಗಳೊಳಗಿನ ಕೋಶಗಳಲ್ಲಿ ಕೀಗಳೂ ವ್ಯಾಲ್ಯೂಗಳೂ ಇರುತ್ತವೆ. ಒಂದು ಕೋಶವು ತನಗೆ ಸಂಬಂಧಿಸಿದ ಇನ್ನೊಂದು ಕೋಶದ ಸ್ಥಾನವನ್ನು ಸಂಖ್ಯೆಯಿಂದ ಸೂಚಿಸುತ್ತದೆ. ಆದುದರಿಂದ ಮಧ್ಯದಲ್ಲಿ ಕೆಲವೇ ಬೈಟುಗಳು ಕೆಟ್ಟರೂ ಒಂದು ಇಡೀ ಕವಲು ಕೈತಪ್ಪಬಹುದು.

ಎರಡು ಕ್ರಮಸಂಖ್ಯೆಗಳ ಪ್ರಯೋಜನವು ಸೂಕ್ಷ್ಮವಾದುದು. ಹೈವಿನಲ್ಲಿ ಬದಲಾವಣೆ ಮಾಡುವ ಮೊದಲು ಆ ಬದಲಾವಣೆಯನ್ನು 'ಲಾಗ್' ಎಂಬ ಸಹಾಯಕ ಕಡತದಲ್ಲಿ ಬರೆಯಲಾಗುತ್ತದೆ. ಬಳಿಕ ಮೊದಲನೆಯ ಕ್ರಮಸಂಖ್ಯೆಯನ್ನು ಏರಿಸಿ, ಹೈವಿನಲ್ಲಿ ಬರೆದು, ಕೆಲಸ ಮುಗಿದ ಮೇಲೆ ಎರಡನೆಯದನ್ನು ಅದಕ್ಕೆ ಸಮನಾಗಿಸಲಾಗುತ್ತದೆ. ಎರಡೂ ಸಮನಾಗಿದ್ದರೆ ಬರವಣಿಗೆ ಪೂರ್ಣವಾಗಿದೆಯೆಂದು ಅರ್ಥ. ನಡುವೆ ವಿದ್ಯುತ್ತು ಹೋದರೆ ಅವು ವಿಷಮವಾಗಿ ಉಳಿಯುತ್ತವೆ. ಮುಂದಿನ ಆರಂಭದಲ್ಲಿ ವಿಂಡೋಸ್ ಇದನ್ನು ಕಂಡು ಲಾಗ್ ಕಡತದ ನೆರವಿನಿಂದ ಅಪೂರ್ಣ ಕಾರ್ಯವನ್ನು ಪೂರೈಸಿಕೊಳ್ಳುತ್ತದೆ. ಪುಷ್ಪಿಕೆಯಿಲ್ಲದ ಪ್ರತಿಯನ್ನು ಕಂಡೊಡನೆ ಬರವಣಿಗೆ ಅರ್ಧದಲ್ಲಿ ನಿಂತಿರಬಹುದೆಂದು ಸಂಶೋಧಕರು ಊಹಿಸುವ ರೀತಿಯದೇ ಈ ಪರೀಕ್ಷೆ.

ಹೀಗಾಗಿ ಸಾಧಾರಣವಾದ ಅಡಚಣೆಗಳಿಂದ ರಿಜಿಸ್ಟ್ರಿಯು ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಯಂತ್ರವು ನಿಂತೇ ಹೋಯಿತೆಂದರೆ ಹೈವ್ ಲಾಗ್‌ನ ನೆರವಿಗೂ ಮೀರಿ ಕೆಟ್ಟಿದೆಯೆಂದೋ, ಲಾಗ್ ಕೂಡ ಕೆಟ್ಟಿದೆಯೆಂದೋ ತಿಳಿಯಬೇಕು.

೪. ವಿಕೃತಿಯ ಕಾರಣಗಳು ಮತ್ತು ಲಕ್ಷಣಗಳು

ಕಾರಣಗಳಲ್ಲಿ ಪ್ರಥಮವಾದುದು, ಬರೆಯುತ್ತಿರುವಾಗಲೇ ವಿದ್ಯುತ್ತು ನಿಲ್ಲುವುದು ಅಥವಾ ಯಂತ್ರವನ್ನು ಗುಂಡಿಯೊತ್ತಿ ಬಲಾತ್ಕಾರವಾಗಿ ನಿಲ್ಲಿಸುವುದು. ಎರಡನೆಯದು ಡಿಸ್ಕಿನ ಜೀರ್ಣತೆ. ಹೈವ್ ಇರುವ ಸ್ಥಾನವೇ ಓದಲು ಬಾರದಂತಾದರೆ ಅದರಲ್ಲಿನ ಬರಹವು ತ್ರುಟಿತವಾಗುತ್ತದೆ. ಮೂರನೆಯದು ಯಂತ್ರದ ತಾತ್ಕಾಲಿಕ ಸ್ಮೃತಿಯ, ಎಂದರೆ ರ‍್ಯಾಮ್‌ನ ದೋಷ. ಇಲ್ಲಿ ಡಿಸ್ಕು ಸರಿಯಾಗಿದ್ದರೂ ಅದಕ್ಕೆ ಬರುವ ಪಾಠವೇ ತಪ್ಪಾಗಿರುತ್ತದೆ. ನಾಲ್ಕನೆಯದು ಹಾನಿಕರ ತಂತ್ರಾಂಶಗಳು. ಐದನೆಯದು ರಿಜಿಸ್ಟ್ರಿಯನ್ನು ಶುದ್ಧಿಮಾಡುತ್ತೇವೆಂದು ಹೇಳಿಕೊಳ್ಳುವ ತಂತ್ರಾಂಶಗಳು. ಇವು ಅನಾವಶ್ಯಕವೆಂದು ಭಾವಿಸಿ ಅವಶ್ಯಕವಾದುದನ್ನೇ ಅಳಿಸುವ ಪ್ರಸಂಗಗಳುಂಟು.

ಕೆಟ್ಟ ಹೈವ್ ಯಾವುದೆಂಬುದನ್ನು ಅನುಸರಿಸಿ ಲಕ್ಷಣವೂ ಭಿನ್ನವಾಗುತ್ತದೆ. ಸಿಸ್ಟಮ್ ಹೈವನ್ನು ವಿಂಡೋಸ್ ಎಲ್ಲಕ್ಕಿಂತ ಮೊದಲು ಓದಬೇಕಾಗಿರುವುದರಿಂದ, ಅದು ಕೆಟ್ಟರೆ ಯಂತ್ರವು ಪ್ರಾರಂಭದಲ್ಲಿಯೇ ನಿಲ್ಲುತ್ತದೆ. ಸಾಫ್ಟ್‌ವೇರ್ ಹೈವ್ ಕೆಟ್ಟರೆ ಸ್ವಲ್ಪ ಮುಂದುವರಿದು ನೀಲಿ ತೆರೆಯಲ್ಲಿ ನಿಲ್ಲುವುದುಂಟು. ಬಳಕೆದಾರರ ಹೈವ್ ಮಾತ್ರ ಕೆಟ್ಟಿದ್ದರೆ ಯಂತ್ರವು ಪೂರ್ಣವಾಗಿ ಆರಂಭವಾಗುತ್ತದೆ. ಆದರೆ ಆ ಬಳಕೆದಾರರಿಗೆ ತಮ್ಮ ಎಂದಿನ ಪರಿಸರ ಕಾಣುವುದಿಲ್ಲ.

ತೆರೆಯ ಮೇಲೆ ಬಂದ ಸೂಚನೆಯಲ್ಲಿ ಯಾವ ಕಡತದ ಹೆಸರಿದೆ ಎಂಬುದನ್ನು ಯಥಾವತ್ತಾಗಿ ಬರೆದುಕೊಳ್ಳುವುದು ಚಿಕಿತ್ಸೆಯ ಮೊದಲ ಹೆಜ್ಜೆ. ಅವಸರದಲ್ಲಿ ಯಂತ್ರವನ್ನು ಮತ್ತೆ ಮತ್ತೆ ನಿಲ್ಲಿಸಿ ಆರಂಭಿಸುವುದರಿಂದ ಪ್ರಯೋಜನವಿಲ್ಲ. ಡಿಸ್ಕು ಜೀರ್ಣವಾಗಿದ್ದರೆ ಅದರಿಂದ ಹಾನಿ ಹೆಚ್ಚುತ್ತದೆ.

೫. ವಿಂಡೋಸ್ ಎಕ್ಸ್‌ಪಿ ಕಾಲದ ಕ್ರಮ

೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲವು ೨೦೧೪ರ ಏಪ್ರಿಲ್ ೮ರಂದು ಕೊನೆಗೊಂಡಿತು. ಆದರೂ ಎಕ್ಸ್‌ಪಿಗಾಗಿ ಆ ಸಂಸ್ಥೆಯು ೩೦೭೫೪೫ ಎಂಬ ಸಂಖ್ಯೆಯ ಟಿಪ್ಪಣಿಯಲ್ಲಿ ಪ್ರಕಟಿಸಿದ್ದ ಕ್ರಮವು, ಉದ್ಧಾರದ ತರ್ಕವನ್ನು ಅರಿಯಲು ಇಂದಿಗೂ ಉತ್ತಮ ನಿದರ್ಶನ.

ಎಕ್ಸ್‌ಪಿಯ ಸ್ಥಾಪನೆ ಮುಗಿದಾಗ ಐದೂ ಹೈವ್‌ಗಳ ಒಂದೊಂದು ಪ್ರತಿ 'ರಿಪೇರ್' ಎಂಬ ಫೋಲ್ಡರಿನಲ್ಲಿ ಉಳಿಯುತ್ತಿತ್ತು. ಅದು ಯಂತ್ರದ ಜನ್ಮಕಾಲದ ಪ್ರತಿ. ಆ ಬಳಿಕ ಸೇರಿದ ಯಾವ ತಂತ್ರಾಂಶದ ಅರಿವೂ ಅದಕ್ಕೆ ಇಲ್ಲ. ಇದಲ್ಲದೆ 'ಸಿಸ್ಟಮ್ ರಿಸ್ಟೋರ್' ಎಂಬ ವ್ಯವಸ್ಥೆಯು ಕಾಲಕಾಲಕ್ಕೆ ತೆಗೆದ ಇತ್ತೀಚಿನ ಪ್ರತಿಗಳು ಅಡಗಿಸಿಟ್ಟ ಬೇರೊಂದು ಫೋಲ್ಡರಿನಲ್ಲಿ ಇರುತ್ತಿದ್ದವು. ಯಂತ್ರ ನಿಂತಾಗ ಸ್ಥಾಪನೆಯ ಸಿ.ಡಿ.ಯಿಂದ 'ರಿಕವರಿ ಕನ್ಸೋಲ್' ಎಂಬ ಕಿರುವ್ಯವಸ್ಥೆಯನ್ನು ಆರಂಭಿಸಬಹುದಾಗಿತ್ತು. ಆದರೆ ಅದಕ್ಕೆ ಆ ಅಡಗಿದ ಫೋಲ್ಡರಿಗೆ ಪ್ರವೇಶವಿರಲಿಲ್ಲ. ಹೊಸ ಪ್ರತಿ ಇದ್ದರೂ ಕೈಗೆ ಸಿಗದು. ಕೈಗೆ ಸಿಗುವ ಪ್ರತಿ ತೀರ ಹಳೆಯದು.

ಆದುದರಿಂದ ಕಾರ್ಯವು ಹಂತಹಂತವಾಗಿ ನಡೆಯಬೇಕಾಗಿತ್ತು. ಮೊದಲನೆಯ ಹಂತದಲ್ಲಿ ಕೆಟ್ಟ ಐದು ಹೈವ್‌ಗಳನ್ನು ಬೇರೊಂದು ಫೋಲ್ಡರಿಗೆ ಪ್ರತಿಮಾಡಿ ಭದ್ರಪಡಿಸಿ, 'ರಿಪೇರ್' ಫೋಲ್ಡರಿನ ಜನ್ಮಕಾಲದ ಪ್ರತಿಗಳನ್ನು ಅವುಗಳ ಸ್ಥಾನದಲ್ಲಿ ಇರಿಸುವುದು. ಇದರಿಂದ ಯಂತ್ರವು ಹೇಗೋ ಆರಂಭವಾಗುತ್ತಿತ್ತು. ಎರಡನೆಯ ಹಂತದಲ್ಲಿ, ಹೀಗೆ ಆರಂಭವಾದ ವಿಂಡೋಸಿನ ಒಳಗಿನಿಂದ ಅಡಗಿದ ಫೋಲ್ಡರನ್ನು ತೆರೆದು, ಯಂತ್ರವು ಕೆಡುವ ಮುನ್ನಿನ ದಿನಾಂಕದ ಪ್ರತಿಗಳನ್ನು ಹೊರತಂದು ತಕ್ಕ ಹೆಸರಿಟ್ಟು ಕೈಗೆಟುಕುವ ಸ್ಥಳದಲ್ಲಿ ಇಡುವುದು. ನಡೆಯುತ್ತಿರುವ ವಿಂಡೋಸ್ ತನ್ನ ಹೈವ್‌ಗಳನ್ನು ತಾನೇ ಬದಲಿಸಿಕೊಳ್ಳಲಾರದು. ಆದುದರಿಂದ ಮೂರನೆಯ ಹಂತದಲ್ಲಿ ಮತ್ತೆ ರಿಕವರಿ ಕನ್ಸೋಲಿಗೆ ಮರಳಿ ಈ ಪ್ರತಿಗಳನ್ನು ನೆಲೆಗೊಳಿಸುವುದು. ನಾಲ್ಕನೆಯ ಹಂತದಲ್ಲಿ ಸಿಸ್ಟಮ್ ರಿಸ್ಟೋರ್‌ನಿಂದ ಉಳಿದ ಭಾಗಗಳನ್ನೂ ಅದೇ ಕಾಲಕ್ಕೆ ಹೊಂದಿಸುವುದು.

ಯಂತ್ರದ ತಯಾರಕರೇ ಎಕ್ಸ್‌ಪಿಯನ್ನು ಮೊದಲೇ ಸ್ಥಾಪಿಸಿ ಮಾರಿದ್ದ ಯಂತ್ರಗಳಲ್ಲಿ ಈ ಕ್ರಮವನ್ನು ಬಳಸಬಾರದೆಂಬ ಎಚ್ಚರಿಕೆಯೂ ಆ ಟಿಪ್ಪಣಿಯಲ್ಲಿತ್ತು. ಅಂಥ ಯಂತ್ರದ ಜನ್ಮಕಾಲದ ಪ್ರತಿಯಲ್ಲಿರುವ ಖಾತೆಗಳೂ ಗುಪ್ತಪದಗಳೂ ಒಡೆಯರು ಬಳಸುತ್ತಿರುವ ಖಾತೆಗಳಿಗಿಂತ ಭಿನ್ನವಾಗಿರುವ ಸಂಭವವಿದ್ದುದೇ ಇದಕ್ಕೆ ಕಾರಣ. ಪ್ರತಿಯು ಹಳೆಯದಾದ ಮಾತ್ರಕ್ಕೆ ಪ್ರಮಾಣವಾಗುವುದಿಲ್ಲ; ಅದು ಯಾರ ಕೈಯಿಂದ, ಯಾವ ಸಂದರ್ಭದಲ್ಲಿ ಹುಟ್ಟಿತೆಂಬುದನ್ನೂ ಅರಿಯಬೇಕು.

೬. ೨೦೧೮ರ ಬದಲಾವಣೆ

ಎಕ್ಸ್‌ಪಿಯ ಅನಂತರ ಬಂದ ವಿಂಡೋಸ್ ವಿಸ್ಟಾ, ೭, ೮ ಇವುಗಳಲ್ಲಿಯೂ, ವಿಂಡೋಸ್ ೧೦ರ ಮೊದಲ ಆವೃತ್ತಿಗಳಲ್ಲಿಯೂ ಈ ಕಾರ್ಯವು ಸುಲಭವಾಗಿತ್ತು. 'ಕಾನ್ಫಿಗ್' ಫೋಲ್ಡರಿನ ಒಳಗೆ 'ರೆಗ್‌ಬ್ಯಾಕ್' ಎಂಬ ಇನ್ನೊಂದು ಫೋಲ್ಡರಿದ್ದು, ಅದರಲ್ಲಿ ಐದೂ ಹೈವ್‌ಗಳ ಇತ್ತೀಚಿನ ಪ್ರತಿಗಳನ್ನು ವ್ಯವಸ್ಥೆಯು ಆಗಾಗ ತಾನೇ ತೆಗೆದಿರಿಸುತ್ತಿತ್ತು. ಆ ಐದನ್ನು ಮೇಲಿನ ಫೋಲ್ಡರಿಗೆ ಪ್ರತಿಮಾಡಿದರೆ ಬಹುಮಟ್ಟಿಗೆ ಕೆಲಸ ಮುಗಿಯುತ್ತಿತ್ತು. ಇಂದಿಗೂ ಅನೇಕ ಕೈಪಿಡಿಗಳು ಈ ಉಪಾಯವನ್ನೇ ಹೇಳುತ್ತವೆ.

ಆದರೆ ೨೦೧೮ರ ಏಪ್ರಿಲಿನಲ್ಲಿ ಹೊರಬಂದ ವಿಂಡೋಸ್ ೧೦ರ ೧೮೦೩ ಎಂಬ ಆವೃತ್ತಿಯಿಂದ ಈ ಏರ್ಪಾಡು ನಿಂತುಹೋಗಿದೆ. ಡಿಸ್ಕಿನಲ್ಲಿ ವಿಂಡೋಸ್ ಆಕ್ರಮಿಸುವ ಸ್ಥಳವನ್ನು ಕಡಮೆ ಮಾಡುವುದೇ ಇದರ ಉದ್ದೇಶವೆಂದು ಮೈಕ್ರೋಸಾಫ್ಟ್ ಸಂಸ್ಥೆಯು ತಿಳಿಸಿದೆ. ಫೋಲ್ಡರು ಇದೆ, ಕೆಲವೆಡೆ ಐದು ಕಡತಗಳ ಹೆಸರುಗಳೂ ಇವೆ, ಆದರೆ ಅವುಗಳ ಗಾತ್ರ ಸೊನ್ನೆ. ಹಳೆಯ ಕೈಪಿಡಿಯನ್ನು ನಂಬಿ, ಗಾತ್ರವನ್ನು ಪರೀಕ್ಷಿಸದೆ, ಈ ಬರಿದಾದ ಕಡತಗಳನ್ನು ನಿಜವಾದ ಹೈವ್‌ಗಳ ಮೇಲೆ ಪ್ರತಿಮಾಡಿದರೆ ಆಗುವ ಅನರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಒಂದು ಹೈವ್ ಮಾತ್ರ ಕೆಟ್ಟಿದ್ದ ಯಂತ್ರದಲ್ಲಿ ಐದೂ ಶೂನ್ಯವಾಗುತ್ತವೆ.

೭. ಇಂದಿನ ಯಂತ್ರಗಳಲ್ಲಿ ಅನುಸರಿಸತಕ್ಕ ಕ್ರಮ

ವಿಂಡೋಸ್ ೧೦ ಮತ್ತು ೧೧ರಲ್ಲಿ ರಿಕವರಿ ಕನ್ಸೋಲಿನ ಸ್ಥಾನವನ್ನು 'ರಿಕವರಿ ಎನ್ವಿರಾನ್‌ಮೆಂಟ್' ಎಂಬ ವ್ಯವಸ್ಥೆ ಪಡೆದಿದೆ. ಯಂತ್ರವು ಕೆಲವು ಬಾರಿ ಸತತವಾಗಿ ಆರಂಭವಾಗಲು ವಿಫಲವಾದರೆ ಇದು ತಾನಾಗಿಯೇ ತೆರೆದುಕೊಳ್ಳುತ್ತದೆ; ಇಲ್ಲವಾದರೆ ಸ್ಥಾಪನೆಯ ಯುಎಸ್‌ಬಿ ಕಡ್ಡಿಯಿಂದ ತೆರೆಯಬಹುದು. ಡಿಸ್ಕಿಗೆ 'ಬಿಟ್‌ಲಾಕರ್' ಎಂಬ ಗೂಢಲಿಪಿಯ ರಕ್ಷಣೆಯಿದ್ದರೆ ೪೮ ಅಂಕಿಗಳ ಕೀಲಿಸಂಖ್ಯೆ ಇಲ್ಲಿ ಅವಶ್ಯಕ. ಅದು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಂಗ್ರಹವಾಗಿರುವುದುಂಟು. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡವರು ಜಾಣರು.

ಮೊದಲನೆಯದಾಗಿ, ಬಳಕೆದಾರರ ಬರಹಗಳನ್ನು ಹೊರತೆಗೆಯಬೇಕು. ರಿಕವರಿ ಎನ್ವಿರಾನ್‌ಮೆಂಟಿನ ಕಮ್ಯಾಂಡ್ ಪ್ರಾಂಪ್ಟಿನಲ್ಲಿ 'ನೋಟ್‌ಪ್ಯಾಡ್' ಎಂಬ ಸರಳ ತಂತ್ರಾಂಶವನ್ನು ಕರೆದು, ಅದರ ಕಡತ ತೆರೆಯುವ ಕಿಟಕಿಯ ಮೂಲಕವೇ ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ಪ್ರತಿಮಾಡಬಹುದು. ಲಿನಕ್ಸ್ ಇರುವ ಯುಎಸ್‌ಬಿ ಕಡ್ಡಿಯಿಂದ ಯಂತ್ರವನ್ನು ಆರಂಭಿಸಿಯೋ, ಡಿಸ್ಕನ್ನು ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿಯೋ ಈ ಕೆಲಸವನ್ನು ಮಾಡಬಹುದು. ಇದು ಮುಗಿಯುವವರೆಗೆ ಡಿಸ್ಕಿನ ದೋಷವನ್ನು ತಿದ್ದುವ ಸಾಧನವನ್ನೂ ಬಳಸದಿರುವುದು ಲೇಸು. ಏಕೆಂದರೆ ತಿದ್ದುವ ಸಾಧನವೂ ಡಿಸ್ಕಿನ ಮೇಲೆ ಬರೆಯುತ್ತದೆ.

ಎರಡನೆಯದಾಗಿ, 'ಕಾನ್ಫಿಗ್' ಫೋಲ್ಡರಿನಲ್ಲಿರುವ ಹೈವ್‌ಗಳನ್ನು ಅವುಗಳ ಲಾಗ್ ಕಡತಗಳೊಡನೆ ಇನ್ನೊಂದು ಫೋಲ್ಡರಿಗೆ ಪ್ರತಿಮಾಡಬೇಕು. ಕೆಟ್ಟ ಪ್ರತಿಯೆಂದು ಅದನ್ನು ಅಳಿಸಬಾರದು. ಮುಂದೆ ತಂದಿರಿಸುವ ಪ್ರತಿಯು ಇನ್ನೂ ಕೆಟ್ಟದಾಗಿದ್ದರೆ ಹಿಂದಿರುಗಲು ದಾರಿಯಿರಬೇಕು. ಈ ವ್ಯವಸ್ಥೆಯಲ್ಲಿ ಡಿಸ್ಕಿನ ಅಕ್ಷರನಾಮವು ಬದಲಾಗಿರಬಹುದೆಂಬುದನ್ನೂ ನೆನಪಿಡಬೇಕು. ಎಂದಿನ 'ಸಿ' ಎಂಬುದು ಇಲ್ಲಿ 'ಡಿ' ಆಗಿರಬಹುದು. 'ಎಕ್ಸ್' ಎಂಬುದು ರಿಕವರಿ ವ್ಯವಸ್ಥೆಯ ಸ್ವಂತ ತಾಣ. ಫೋಲ್ಡರಿನ ಪಟ್ಟಿಯನ್ನು ನೋಡಿ ವಿಂಡೋಸ್ ಎಲ್ಲಿದೆಯೆಂದು ನಿಶ್ಚಯಿಸಿಕೊಂಡ ಬಳಿಕವೇ ಕೈಹಾಕಬೇಕು.

ಮೂರನೆಯದಾಗಿ, ವ್ಯವಸ್ಥೆಯೇ ಒದಗಿಸಿರುವ ಉಪಾಯಗಳನ್ನು ಪ್ರಯೋಗಿಸಬೇಕು. 'ಸ್ಟಾರ್ಟಪ್ ರಿಪೇರ್' ಎಂಬುದು ತಾನೇ ದೋಷವನ್ನು ಹುಡುಕಿ ತಿದ್ದಲು ಯತ್ನಿಸುತ್ತದೆ. ಅದು ಫಲಿಸದಿದ್ದರೆ 'ಸಿಸ್ಟಮ್ ರಿಸ್ಟೋರ್'. ಇದು ರಿಜಿಸ್ಟ್ರಿಯನ್ನೂ ವ್ಯವಸ್ಥೆಯ ಕಡತಗಳನ್ನೂ ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯುತ್ತದೆ. ಬಳಕೆದಾರರ ಬರಹಗಳನ್ನು ಮುಟ್ಟುವುದಿಲ್ಲ. ಆದರೆ ಅನೇಕ ಯಂತ್ರಗಳಲ್ಲಿ ಈ ರಕ್ಷಣೆಯನ್ನು ಯಾರೂ ಚಾಲನೆಗೊಳಿಸಿರುವುದಿಲ್ಲ. ಅಂಥಲ್ಲಿ ಹಿಂದಿರುಗತಕ್ಕ ದಿನವೇ ಇರುವುದಿಲ್ಲ.

ನಾಲ್ಕನೆಯದಾಗಿ, 'ರೆಗ್‌ಬ್ಯಾಕ್' ಫೋಲ್ಡರಿನಲ್ಲಿಯೋ ಹೊರಗಿನ ಡಿಸ್ಕಿನಲ್ಲಿಯೋ ನಿಜವಾದ ಗಾತ್ರವುಳ್ಳ ಹಳೆಯ ಪ್ರತಿಗಳಿದ್ದರೆ ಅವುಗಳನ್ನು ಸ್ಥಾಪಿಸಬೇಕು. ಆಗ ಒಂದೇ ದಿನಾಂಕದ ಐದು ಹೈವ್‌ಗಳನ್ನೂ ಒಟ್ಟಿಗೆ ತರುವುದು ಸಾಮಾನ್ಯವಾಗಿ ಸುರಕ್ಷಿತ. ಸಿಸ್ಟಮ್ ಒಂದು ಕಾಲದ್ದು, ಸಾಫ್ಟ್‌ವೇರ್ ಇನ್ನೊಂದು ಕಾಲದ್ದು ಆದರೆ ಒಂದರಲ್ಲಿ ಉಕ್ತವಾದುದು ಮತ್ತೊಂದರಲ್ಲಿ ಇರುವುದಿಲ್ಲ. ಭಿನ್ನ ಪರಂಪರೆಯ ಪ್ರತಿಗಳಿಂದ ಗರಿಗಳನ್ನು ಆಯ್ದು ಒಂದು ಕಟ್ಟು ಮಾಡಿದಾಗ ಹುಟ್ಟುವ ಸಂಕರಪಾಠದ ತೊಂದರೆಗಳೇ ಇಲ್ಲಿಯೂ ತಲೆದೋರುತ್ತವೆ. ಸ್ಯಾಮ್ ಹಳೆಯದಾದರೆ ಅಂದಿನ ಗುಪ್ತಪದವೇ ಮರಳಿ ಜಾರಿಗೆ ಬರುತ್ತದೆಂಬುದನ್ನೂ ಮರೆಯಬಾರದು.

ಹಳೆಯ ಪ್ರತಿ ಎಲ್ಲಿಯೂ ದೊರೆಯದಿದ್ದರೆ ಇನ್ನೊಂದು ಪ್ರಯತ್ನಕ್ಕೆ ಅವಕಾಶವಿದೆ. ಕೆಟ್ಟ ಹೈವಿನ ಪ್ರತಿಯೊಂದನ್ನು, ಮೂಲವನ್ನಲ್ಲ, ಸುಸ್ಥಿತಿಯಲ್ಲಿರುವ ಬೇರೊಂದು ವಿಂಡೋಸ್ ಯಂತ್ರದ 'ರೆಜೆಡಿಟ್' ಎಂಬ ಸಾಧನದಲ್ಲಿ ತೆರೆಯಲು ಯತ್ನಿಸಬಹುದು. ತೆರೆಯುವಾಗ ವಿಂಡೋಸ್ ಅದನ್ನು ಪರೀಕ್ಷಿಸಿ, ಸಾಧ್ಯವಾದಷ್ಟನ್ನು ಸರಿಪಡಿಸಿಕೊಳ್ಳುತ್ತದೆ. ತೆರೆದರೆ ಅದನ್ನು ಮತ್ತೆ ಮುಚ್ಚಿ ಮೊದಲಿನ ಯಂತ್ರಕ್ಕೆ ಒಯ್ದು ಪರೀಕ್ಷಿಸಬಹುದು. ಇದು ಎಲ್ಲ ಸಂದರ್ಭಗಳಲ್ಲಿಯೂ ಫಲಿಸುವುದಿಲ್ಲ. ಬೇರೊಂದು ಯಂತ್ರದ ಹೈವನ್ನೇ ತಂದು ಇದಕ್ಕೆ ತೊಡಿಸುವುದು ಮಾತ್ರ ಸರ್ವಥಾ ಅನುಚಿತ. ಅದು ಬೇರೊಂದು ಯಂತ್ರದ ಚರಿತ್ರೆ.

ಇವೆಲ್ಲವೂ ವಿಫಲವಾದಾಗ ವಿಂಡೋಸಿನ ಪುನಃಸ್ಥಾಪನೆಯೇ ಉಳಿಯುವ ಮಾರ್ಗ. ಆಗಲೂ ಬಳಕೆದಾರರ ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆಯೊಂದಿದೆ. ತಂತ್ರಾಂಶಗಳು ಮಾತ್ರ ಹೋಗುತ್ತವೆ. ಮೊದಲ ಹಂತದಲ್ಲಿ ಬರಹಗಳನ್ನು ಹೊರತೆಗೆದವರಿಗೆ ಈ ಕೊನೆಯ ಮಾರ್ಗವೂ ಭಯಾನಕವಲ್ಲ.

೮. ಬಳಕೆದಾರರ ಹೈವ್ ಕೆಟ್ಟ ಸಂದರ್ಭ

'ಎನ್‌ಟಿಯೂಸರ್' ಹೈವ್ ಕೆಟ್ಟಾಗ ವಿಂಡೋಸ್ ಆ ಬಳಕೆದಾರರಿಗೆ ಒಂದು ತಾತ್ಕಾಲಿಕ ಪರಿಸರವನ್ನು ಕಲ್ಪಿಸಿಕೊಡುವುದುಂಟು. ಮೇಜಿನಂಥ ತೆರೆಯು ಬರಿದಾಗಿ ಕಾಣುತ್ತದೆ. ಕಡತಗಳೆಲ್ಲ ಮಾಯವಾದಂತೆ ತೋರುತ್ತದೆ. ನಿಜವಾಗಿ ಅವು ಹಳೆಯ ಫೋಲ್ಡರಿನಲ್ಲಿಯೇ ಇವೆ. ಇಲ್ಲಿರುವ ನಿಜವಾದ ಅಪಾಯ ಬೇರೆ. ಈ ತಾತ್ಕಾಲಿಕ ಪರಿಸರದಲ್ಲಿ ಹೊಸದಾಗಿ ಬರೆದು ಅಲ್ಲಿಯೇ ಉಳಿಸಿದುದೆಲ್ಲವೂ, ಬಳಕೆದಾರರು ನಿರ್ಗಮಿಸಿದೊಡನೆ ಅಳಿದುಹೋಗುತ್ತದೆ. ಕಳೆದುಹೋಯಿತೆಂದು ಅಂಜಿದ ಹಳೆಯದು ಉಳಿಯುತ್ತದೆ. ಭದ್ರವೆಂದು ನಂಬಿ ಬರೆದ ಹೊಸದು ಹೋಗುತ್ತದೆ. ಆದುದರಿಂದ ಇಂಥ ಸೂಚನೆ ಕಂಡಾಗ ಬರವಣಿಗೆಯನ್ನು ನಿಲ್ಲಿಸಿ, ಹೊಸ ಖಾತೆಯೊಂದನ್ನು ರಚಿಸಿ, ಹಳೆಯ ಫೋಲ್ಡರಿನ ಕಡತಗಳನ್ನು ಅದಕ್ಕೆ ಪ್ರತಿಮಾಡಿಕೊಳ್ಳುವುದು ಯುಕ್ತ.

೯. ಉದ್ಧಾರದ ಅನಂತರ ಕಾಣುವ ಭ್ರಾಂತಿ

ಹಳೆಯ ಪ್ರತಿಯಿಂದ ಉದ್ಧರಿಸಿದ ಯಂತ್ರವು ತನ್ನ ಇತ್ತೀಚಿನ ಕೆಲವು ಸಂಗತಿಗಳನ್ನು ಮರೆತಿರುತ್ತದೆ. ಇದರಲ್ಲಿ ಕನ್ನಡ ವಿದ್ವಾಂಸರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಸಂಗತಿಯುಂಟು. ಸ್ಥಾಪಿತವಾದ ಅಕ್ಷರವಿನ್ಯಾಸಗಳ ಪಟ್ಟಿಯು ಸಾಫ್ಟ್‌ವೇರ್ ಹೈವಿನಲ್ಲಿದೆ. ಆ ಪ್ರತಿ ತೆಗೆದ ಬಳಿಕ ಸ್ಥಾಪಿಸಿದ ಅಕ್ಷರವಿನ್ಯಾಸವು ಡಿಸ್ಕಿನಲ್ಲಿ ಇದ್ದರೂ ಪಟ್ಟಿಯಲ್ಲಿ ಇರುವುದಿಲ್ಲ. ಯೂನಿಕೋಡ್ ಪದ್ಧತಿಯಲ್ಲಿ ಬರೆದ ಕನ್ನಡಕ್ಕೆ ಇದರಿಂದ ಬಾಧೆಯಿಲ್ಲ. ಯಂತ್ರದಲ್ಲಿರುವ ಬೇರೊಂದು ಕನ್ನಡ ಅಕ್ಷರವಿನ್ಯಾಸದಲ್ಲಿ ಅದು ಓದಿಸಿಕೊಳ್ಳುತ್ತದೆ. ಆದರೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಪದ್ಧತಿಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಲೇಖನಗಳು, ಆ ಅಕ್ಷರವಿನ್ಯಾಸವಿಲ್ಲದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ.

ಇದನ್ನು ಕಂಡವರು ಕಡತವೇ ಕೆಟ್ಟಿತೆಂದು ತಿಳಿದು ಅಳಿಸುವುದಾಗಲಿ, ಮತ್ತೆ ಬೆರಳಚ್ಚಿಸಲು ತೊಡಗುವುದಾಗಲಿ ಸಲ್ಲದು. ಪಾಠವು ಅಕ್ಷತವಾಗಿದೆ, ಲಿಪಿಯನ್ನು ತೋರಿಸುವ ಸಾಧನ ಮಾತ್ರ ಕಾಣೆಯಾಗಿದೆ. ಆ ಅಕ್ಷರವಿನ್ಯಾಸವನ್ನು ಮತ್ತೆ ಸ್ಥಾಪಿಸಿದರೆ ಲೇಖನವು ಯಥಾಪ್ರಕಾರ ಓದಿಸಿಕೊಳ್ಳುತ್ತದೆ. ಇಂಥ ಲೇಖನಗಳನ್ನು ಬಿಡುವಾದಾಗ ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ನೋಡಿ, ಎರಡನ್ನೂ ಕಾದಿರಿಸುವುದು ಶ್ರೇಯಸ್ಕರ.

೧೦. ಪ್ರತಿಯನ್ನು ಕಾದಿರಿಸುವ ವಿಧಾನ

ವಿಂಡೋಸ್ ತಾನಾಗಿಯೇ ಪ್ರತಿ ತೆಗೆಯುವುದನ್ನು ನಿಲ್ಲಿಸಿರುವುದರಿಂದ ಆ ಹೊಣೆ ಈಗ ಬಳಕೆದಾರರದು. ಇದಕ್ಕೆ ಮೂರು ಮಾರ್ಗಗಳಿವೆ. ಸಿಸ್ಟಮ್ ರಿಸ್ಟೋರ್ ರಕ್ಷಣೆಯನ್ನು ಚಾಲನೆಗೊಳಿಸಿ, ಯಾವುದೇ ಹೊಸ ತಂತ್ರಾಂಶವನ್ನು ಸ್ಥಾಪಿಸುವ ಮುನ್ನ ಒಂದು ಮರುಸ್ಥಾಪನ ಬಿಂದುವನ್ನು ರಚಿಸಿಕೊಳ್ಳುವುದು ಮೊದಲನೆಯದು. ರಿಜಿಸ್ಟ್ರಿಯ ಸಿಸ್ಟಮ್ ಕವಲಿನಲ್ಲಿ, ಸೆಷನ್ ಮ್ಯಾನೇಜರ್ ಎಂಬುದರ ಒಳಗಿನ ಕಾನ್ಫಿಗರೇ‍ಷನ್ ಮ್ಯಾನೇಜರ್ ಎಂಬ ಕೀಯಲ್ಲಿ, 'ಎನೇಬಲ್ ಪೀರಿಯಾಡಿಕ್ ಬ್ಯಾಕಪ್' ಎಂಬ ವ್ಯಾಲ್ಯೂವನ್ನು ಪದಗಳ ನಡುವೆ ತೆರಪಿಲ್ಲದೆ ರಚಿಸಿ ಅದಕ್ಕೆ ೧ ಎಂಬ ಬೆಲೆಯನ್ನು ಕೊಟ್ಟು ಯಂತ್ರವನ್ನು ಪುನರಾರಂಭಿಸಿದರೆ ರೆಗ್‌ಬ್ಯಾಕ್ ಪದ್ಧತಿಯು ಮತ್ತೆ ಜಾರಿಗೆ ಬರುತ್ತದೆ, ಇದು ಎರಡನೆಯದು. ಆಡಳಿತಾಧಿಕಾರವುಳ್ಳ ಕಮ್ಯಾಂಡ್ ಪ್ರಾಂಪ್ಟಿನಲ್ಲಿ 'ರೆಗ್ ಸೇವ್' ಎಂಬ ಆದೇಶದಿಂದ ಒಂದೊಂದು ಹೈವನ್ನೂ ಹೊರಗಿನ ಡಿಸ್ಕಿಗೆ ಬರೆದಿಟ್ಟುಕೊಳ್ಳುವುದು ಮೂರನೆಯದು.

ರೆಜೆಡಿಟ್ ಸಾಧನದಿಂದ ರಿಜಿಸ್ಟ್ರಿಯನ್ನು ಪಠ್ಯರೂಪದಲ್ಲಿ ರಫ್ತು ಮಾಡಿಕೊಂಡರೆ ಸಾಲದೆ ಎಂಬ ಪ್ರಶ್ನೆ ಸಹಜವಾದುದು. ಒಂದು ಕೀಯನ್ನು ತಿದ್ದುವ ಮುನ್ನ ಅದರ ಪ್ರತಿಯನ್ನು ಹೀಗೆ ತೆಗೆದಿರಿಸುವುದು ಒಳ್ಳೆಯ ಪದ್ಧತಿಯೇ. ಆದರೆ ಹಾಗೆ ತೆಗೆದುದನ್ನು ಮರಳಿ ಸೇರಿಸಿದಾಗ ಹಳೆಯ ಬರಹಗಳು ಸೇರುತ್ತವೆಯೇ ಹೊರತು ನಡುವೆ ಸೇರಿಕೊಂಡ ಹೊಸ ಬರಹಗಳು ಹೋಗುವುದಿಲ್ಲ. ಪ್ರಕ್ಷೇಪಗಳು ಹಾಗೆಯೇ ಉಳಿಯುತ್ತವೆ. ಅಲ್ಲದೆ ಆರಂಭವೇ ಆಗದ ಯಂತ್ರದಲ್ಲಿ ಅದರ ಪ್ರಯೋಜನ ಅತ್ಯಲ್ಪ.

೧೧. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವ ಅಂಶಗಳು ಇವು : ರಿಜಿಸ್ಟ್ರಿಯು ಯಂತ್ರದ ಸೂಚಿಯೇ ಹೊರತು ಒಡೆಯರ ಬರಹವಲ್ಲ; ಅದು ಕೆಟ್ಟ ಮಾತ್ರಕ್ಕೆ ಬರಹ ಕೆಡುವುದಿಲ್ಲ. ಉದ್ಧಾರಕ್ಕೆ ಊಹಾಪಾಠಕ್ಕಿಂತ ಹಳೆಯ ಶುದ್ಧ ಪ್ರತಿಯೇ ಆಧಾರ. ಅಂಥ ಪ್ರತಿಯು ೨೦೧೮ರ ಅನಂತರದ ಯಂತ್ರಗಳಲ್ಲಿ ತಾನಾಗಿ ಹುಟ್ಟುವುದಿಲ್ಲ, ಅದನ್ನು ತೆಗೆದಿರಿಸಬೇಕು. ಮತ್ತು ಯಾವ ಚಿಕಿತ್ಸೆಗೂ ಮುನ್ನ ಬರಹವನ್ನು ಹೊರತೆಗೆದು, ಕೆಟ್ಟ ಪ್ರತಿಯನ್ನೂ ಉಳಿಸಿಕೊಳ್ಳಬೇಕು.

ಯಂತ್ರವನ್ನು ದುರಸ್ತಿಗೆ ಕಳುಹಿಸುವಾಗ 'ಡಿಸ್ಕನ್ನು ಫಾರ್ಮ್ಯಾಟ್ ಮಾಡಕೂಡದು, ಮೊದಲು ಕಡತಗಳ ಪ್ರತಿಯಾಗಬೇಕು' ಎಂಬ ಮಾತನ್ನು ಬರೆದೇ ಕೊಡುವುದು ಒಳಿತು. ಇಷ್ಟೊಂದು ಮಾತಿನಿಂದ ವರ್ಷಗಳ ಶ್ರಮವು ಉಳಿದೀತು.